ಪತ್ತೇದಾರಿ ಕತೆಗೆ ಪಾತ್ರ ಎಲ್ಲಿಂದ ತರೋಣ?

ಪತ್ತೇದಾರಿ ಕತೆ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಕಟ್ಟುವುದು ಹೆಚ್ಚುಕಡಿಮೆ ಒಂದೇ ಚಿತ್ರ. ಅಮಾವಾಸ್ಯೆಯ ರಾತ್ರಿ, ಊರ ಹೊರಗೊಂದು ಒಂಟಿ ಬಂಗಲೆ, ಧಾರಾಕಾರ ಮಳೆ, ಒಮ್ಮೆಲೇ ಕೇಳಿಬಂದ ಚೀತ್ಕಾರ, ಕರಿಯ ಕೋಟು ತೊಟ್ಟು ಸಿಗರೇಟು ಹಚ್ಚುತ್ತ ಕಾರಿನಿಂದಿಳಿಯುವ ಪತ್ತೇದಾರ. ಇಂಥ ಪುಸ್ತಕಗಳನ್ನು ಶಾಲೆಯ ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದದೇ ಬೆಳೆದವರು ನನ್ನ ವಯಸ್ಸಿನವರಲ್ಲಿ ಕಡಿಮೆಯೇ.

ಆದರೆ ಓದುಗ ಮಿತ್ರರೇ, ನೀವೇ ಒಂದು ಪತ್ತೇದಾರಿ ಕತೆ ಬರೆಯಲು ಕುಳಿತಿರೆನ್ನಿ. ಎರಡು ಕೋಣೆಯ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಬದುಕುವ ನಾವು ಒಂಟಿ ಬಂಗಲೆಯನ್ನು ಎಲ್ಲಿಂದ ತರುವುದು? ಕರಿಯ ಕೋಟಿನವನನ್ನು ಎಲ್ಲಿ ಹುಡುಕುವುದು? ಬಹುಶಃ ಈ ಕಾರಣಕ್ಕೇ ಇರಬೇಕು, ನಮ್ಮ ಕನ್ನಡ ಸಂಘಗಳ ಕಥಾಸ್ಪರ್ಧೆಗಳಿಗೆ ಅತ್ತೆ-ಸೊಸೆಯರ ಕತೆ, ಊರಿನ ನೆನಪಿನ ಕತೆ, ವೃದ್ಧಾಪ್ಯದ ಕತೆ ಬೇಕಷ್ಟು ಬರುತ್ತವೆ; ಪತ್ತೇದಾರಿ ಕತೆ ಬರುವುದು ಬಲು ಅಪರೂಪ. ಬಂದರೂ ಅದರೊಳಗಿನ ಜನ ರಟ್ಟಿನ ಗೊಂಬೆಗಳಂತೆ ಇರುತ್ತಾರೆ. ಕೊಲೆಯೇನೋ ನಡೆಯುತ್ತದೆ, ಆದರೆ ಸತ್ತವನು ಬೆಳಿಗ್ಗೆ ಚಹಾ ಕುಡಿಯುತ್ತಿದ್ದನೋ ಕಾಫಿಯೋ ಎಂಬುದು ನಮಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ನಾನು ಹೇಳಹೊರಟಿರುವುದು ಇಷ್ಟೇ. ಪತ್ತೇದಾರಿ ಕತೆಗೆ ಬೇಕಾದ ಪಾತ್ರಗಳೆಲ್ಲ ನಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಉಂಟು. ಕಾಲಿಗೆ ಸುತ್ತುವ ಬೆಕ್ಕು, ಗೇಟಿನ ಬಳಿ ಮಲಗಿದ ನಾಯಿ ಕೂಡ ಆ ಪಾತ್ರಗಳೇ. ಆದರೆ ಅವನ್ನು ಎತ್ತಿಕೊಳ್ಳುವಾಗ ಒಂದು ಎಚ್ಚರ ಬೇಕು. ಆ ಎಚ್ಚರದ ಮಾತನ್ನು ಮುಂದೆ ಹೇಳುತ್ತೇನೆ.

ದೊಡ್ಡವರು ಎಲ್ಲಿಂದ ತಂದರು?

ಬಿ.ಎ.ಯಲ್ಲಿ ನಾನು ಇಂಗ್ಲಿಷ್ ಸಾಹಿತ್ಯ ಓದಿದವಳು. ಷೇಕ್ಸ್‌ಪಿಯರನನ್ನೂ ಮಿಲ್ಟನನನ್ನೂ ತರಗತಿಯಲ್ಲಿ ಪಾಠ ಮಾಡಿದರು. ಅಗಾಥಾ ಕ್ರಿಸ್ಟಿಯನ್ನು ಯಾರೂ ಪಾಠ ಮಾಡಲಿಲ್ಲ. ಆಕೆ ಗ್ರಂಥಾಲಯದ ಹರಿದ ರಟ್ಟಿನ ಪುಸ್ತಕಗಳಲ್ಲಿ ತಾನಾಗಿಯೇ ಸಿಕ್ಕಿದಳು. ಪರೀಕ್ಷೆಗೆಂದು ಓದಿದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಕ್ರಿಸ್ಟಿ ಮರೆತಿಲ್ಲ.

ಈ ಕ್ರಿಸ್ಟಿ ತನ್ನ ಪಾತ್ರಗಳನ್ನು ಎಲ್ಲಿಂದ ತಂದಳು ಗೊತ್ತೇ? ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಇಂಗ್ಲೆಂಡಿನ ಟಾರ್ಕಿ ಎಂಬ ತನ್ನೂರಿನ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ಮಾಡುತ್ತಿದ್ದಳು. ಯಾವ ವಿಷ ಎಷ್ಟು ಹನಿ ಎಂಬ ಜ್ಞಾನ ಆ ಕಪಾಟಿನ ಮುಂದೆ ನಿಂತೇ ಬಂದದ್ದು. ಆಗ ಊರಿಗೆ ಬೆಲ್ಜಿಯಂ ದೇಶದ ನಿರಾಶ್ರಿತರು ಬಂದಿದ್ದರು. ಅವರನ್ನು ಕಂಡೇ ಆಕೆಗೆ ಹರ್ಕ್ಯೂಲ್ ಪಾಯಿರೋ ಎಂಬ ಬೆಲ್ಜಿಯನ್ ಪತ್ತೇದಾರ ಹೊಳೆದದ್ದು. ಅವನ ಮೊದಲ ಕಾದಂಬರಿ 1920ರಲ್ಲಿ ಹೊರಬಂತು. ಇನ್ನು ಮಿಸ್ ಮಾರ್ಪಲ್ ಎಂಬ ಹೆಣಿಗೆ ಹಾಕುತ್ತ ಕೂರುವ ಮುದುಕಿ? ಆಕೆ ತನ್ನ ಅಜ್ಜಿಯ ಗೆಳತಿಯರಂಥ ಹೆಂಗಸು ಎಂದು ಕ್ರಿಸ್ಟಿ ಹೇಳಿಕೊಂಡಿದ್ದಾಳೆ. ಕಿಟಕಿಯ ಬಳಿ ಕುಳಿತು ಯಾರ ಮನೆಗೆ ಯಾರು ಬಂದರು ಎಂದು ಗಮನಿಸುವ ಅಜ್ಜಿಯರು ನಮ್ಮ ಕಟ್ಟಡಗಳಲ್ಲೇನು ಕಡಿಮೆಯೇ?

ಷರ್ಲಾಕ್ ಹೋಮ್ಸ್‌ನದೂ ಇದೇ ಕತೆ. ಅವನನ್ನು 1887ರಲ್ಲಿ ಓದುಗರ ಮುಂದಿಟ್ಟ ಕೊನನ್ ಡಾಯ್ಲ್ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವನು. ಎಡಿನ್‌ಬರೋದಲ್ಲಿ ಅವನಿಗೆ ಡಾ. ಜೋಸೆಫ್ ಬೆಲ್ ಎಂಬ ಗುರುಗಳಿದ್ದರು. ಬಾಗಿಲಲ್ಲಿ ಕಾಲಿಟ್ಟ ರೋಗಿಯ ಕೈ, ನಡಿಗೆ, ಉಡುಪು ನೋಡಿಯೇ ಅವನ ಕಸುಬು ಏನೆಂದು ಹೇಳಿಬಿಡುತ್ತಿದ್ದರಂತೆ. ಆ ಮೇಷ್ಟರೇ ಹೋಮ್ಸ್‌ನಿಗೆ ಮೂಲ.

ನಮ್ಮ ಕನ್ನಡದವರು

ನಮ್ಮಲ್ಲಿ ಪತ್ತೇದಾರಿ ಎಂದರೆ ಮೊದಲು ನೆನಪಾಗುವವರು ಎನ್. ನರಸಿಂಹಯ್ಯನವರು. ಶಾಲೆಯ ಓದು ನಾಲ್ಕನೆಯ ತರಗತಿಗೇ ಮುಗಿದಿದ್ದರೂ 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. 2011ರಲ್ಲಿ ಅವರು ತೀರಿಕೊಂಡಾಗ, ಅವರ ಪುಸ್ತಕದಿಂದಲೇ ಕನ್ನಡ ಓದುವ ರೂಢಿ ಬಂತೆಂದು ನೆನೆದವರು ಎಷ್ಟೋ ಜನ. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರ ಹೆಸರುಗಳನ್ನೇ ನೋಡಿ. ಮೊದಲೆರಡು ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲೂ ಸಿಕ್ಕಾವು! ಹೆಸರು ನಮ್ಮದಾದರೆ ಪಾತ್ರ ಅರ್ಧ ನಮ್ಮದಾಯಿತು.

ಉಳಿದ ಅರ್ಧವನ್ನು ಹೇಗೆ ತುಂಬಬೇಕೆಂದು ತೋರಿಸಿದವರು ಪೂರ್ಣಚಂದ್ರ ತೇಜಸ್ವಿ. ಅವರನ್ನು ಪತ್ತೇದಾರಿ ಲೇಖಕರೆಂದು ಯಾರೂ ಕರೆಯುವುದಿಲ್ಲ. ಆದರೆ 1980ರಲ್ಲಿ ಬಂದ ‘ಕರ್ವಾಲೊ’ ಓದಿದವರು ಹೇಳಲಿ, ಅದರಷ್ಟು ಕುತೂಹಲದಿಂದ ಪುಟ ತಿರುಗಿಸಿದ ಪುಸ್ತಕ ಇನ್ನಾವುದು? ಅಲ್ಲಿ ಹುಡುಕುತ್ತಿರುವುದು ಕೊಲೆಗಾರನನ್ನಲ್ಲ, ಹಾರುವ ಓತಿಯನ್ನು. ಜೇನಿನ ಸಂಗತಿ ತಿಳಿದ, ದನ ಕಾಯುವ, ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಕೊಳ್ಳುವ ಮಂದಣ್ಣ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಆದರೆ ವಿಜ್ಞಾನಿ ಕರ್ವಾಲೊ ಅವನನ್ನು ಬಿಡುವುದಿಲ್ಲ, ಏಕೆಂದರೆ ಆ ಓತಿಯನ್ನು ಕಂಡವನು ಅವನು. ಅವರ ಜೊತೆಗೆ ಬಿರಿಯಾನಿ ಕರಿಯಪ್ಪ, ಪ್ರಭಾಕರ, ಪ್ಯಾರ, ಎಂಗ್ಟ. ಇವರಲ್ಲಿ ಯಾರನ್ನೂ ರಟ್ಟಿನಿಂದ ಕತ್ತರಿಸಿದ್ದಲ್ಲ. ಮೂಡಿಗೆರೆಯ ತೋಟದಲ್ಲಿ, ಸಂತೆಯಲ್ಲಿ ಎದುರಾಗುವಂಥವರು.

ಜೊತೆಗೆ ‘ಕಿವಿ’ ಎಂಬ ನಾಯಿ. ಅದು ಕತೆಗೋಸ್ಕರ ಹುಟ್ಟಿದ್ದಲ್ಲ. ತೇಜಸ್ವಿಯವರು ಸಾಕಿದ ನಾಯಿ. 1991ರ ‘ಪರಿಸರದ ಕತೆ’ಯಲ್ಲೂ ಅದು ಬರುತ್ತದೆ. ಮನೆಯಲ್ಲಿ ನಿತ್ಯ ಕಂಡ ನಾಯಿಯಾದ್ದರಿಂದಲೇ ಅದರ ಮೊಂಡುತನ, ಉತ್ಸಾಹ ಎಲ್ಲ ನಿಜವೆನಿಸುತ್ತದೆ. ಮುಂದೆ 1985ರ ‘ಚಿದಂಬರ ರಹಸ್ಯ’ದಲ್ಲಿ ಅವರು ನೇರವಾಗಿಯೇ ತನಿಖೆಗೆ ಕೈಹಾಕಿದರು. ಏಲಕ್ಕಿಯ ಇಳುವರಿ ಏಕೆ ಕುಸಿಯಿತು, ವಿಜ್ಞಾನಿಯೊಬ್ಬರು ಹೇಗೆ ಸತ್ತರು ಎಂದು ತಿಳಿಯಲು ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಬಂದವನಿಗೆ ಎದುರಾಗುವುದು ಇಡೀ ಊರು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಪುಸ್ತಕಕ್ಕೆ ಬಂತು.

ನಮ್ಮ ಮುಂಬಯಿಯವರೇ ಆದ ಯಶವಂತ ಚಿತ್ತಾಲರನ್ನು ಮರೆಯುವಂತಿಲ್ಲ. ಜೀವಮಾನವಿಡೀ ಇಲ್ಲಿನ ರಸಾಯನ ಉದ್ಯಮದಲ್ಲಿ ದುಡಿದ ಅವರು 1979ರಲ್ಲಿ ‘ಶಿಕಾರಿ’ ಬರೆದರು. ಕಂಪನಿಯ ಅಧಿಕಾರಿ ನಾಗಪ್ಪನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ಏಕೆ, ಯಾರು, ಏನು ಸಂಚು ಎಂದು ಅವನೂ ತಡಕಾಡುತ್ತಾನೆ, ನಾವೂ ತಡಕಾಡುತ್ತೇವೆ. ಅಲ್ಲಿ ಒಂಟಿ ಬಂಗಲೆಯಿಲ್ಲ, ಪಿಸ್ತೂಲಿಲ್ಲ. ಆಫೀಸು, ಟೆಲಿಫೋನು, ಸಹೋದ್ಯೋಗಿಗಳ ನಗು, ಇಷ್ಟರಲ್ಲೇ ಎದೆ ಡವಗುಟ್ಟುತ್ತದೆ.

ಭಾಂಡುಪಿನ ಗಡಿಯಾರ

ಈಗ ನಮ್ಮ ಭಾಂಡುಪಿಗೆ ಬರೋಣ. ಪಶ್ಚಿಮಕ್ಕೆ ಗುಡ್ಡ, ಗುಡ್ಡದ ಮೈತುಂಬ ಚಾಳುಗಳು, ಖಿಂಡಿಪಾಡಾದ ಆಚೆ ಮುಂಬಯಿಗೆ ಕುಡಿಯುವ ನೀರು ಶುದ್ಧಗೊಳಿಸುವ ಕೇಂದ್ರ, ಅದಕ್ಕೆ ತಾಗಿ ಕಾಡು. ಪೂರ್ವಕ್ಕೆ ಪಂಪಿಂಗ್ ಸ್ಟೇಷನ್ನಿನ ಕಡೆ ಕೆಸರುನೆಲ, ಚಳಿಗಾಲದಲ್ಲಿ ರಾಜಹಂಸಗಳು. ನಡುವೆ ಎಲ್.ಬಿ.ಎಸ್. ಮಾರ್ಗ, ರೈಲ್ವೆ ಹಳಿ. ಒಂದು ಪತ್ತೇದಾರಿ ಕತೆಗೆ ಇದಕ್ಕಿಂತ ಹೆಚ್ಚಿನ ರಂಗಸ್ಥಳ ಬೇಕೇ?

ಪತ್ತೇದಾರಿ ಕತೆಯ ಜೀವಾಳ ಹೊತ್ತು. ಯಾರು, ಯಾವಾಗ, ಎಲ್ಲಿದ್ದರು? ಒಂಟಿ ಬಂಗಲೆಯಲ್ಲಿ ಹೊತ್ತು ತಿಳಿಯಲು ಗೋಡೆ ಗಡಿಯಾರವೇ ನಿಲ್ಲಬೇಕು. ಇಲ್ಲಿ ಹಾಗಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಇಡೀ ಚಾಳು ಎಚ್ಚರವಾಗಿರುತ್ತದೆ. ಆ ಹೊತ್ತಿನಲ್ಲಿ ‘ನಾನು ಮಲಗಿದ್ದೆ’ ಎಂದವನನ್ನು ಯಾವ ಹೆಂಗಸೂ ನಂಬಲಾರಳು. ‘ಎಂಟು ಹತ್ತರ ಫಾಸ್ಟ್ ಹಿಡಿದೆ’ ಎಂದರೆ ಭಾಂಡುಪಿನಲ್ಲಿ ಆ ಗಾಡಿ ನಿಲ್ಲುತ್ತದೆಯೇ ಎಂದು ಮಕ್ಕಳೂ ಕೇಳಿಯಾವು. ಹಾಲಿನವನು, ಪೇಪರಿನವನು, ಇಸ್ತ್ರಿಯವನು, ಮೀನು ತರುವ ಮಾವಶಿ, ಒಬ್ಬೊಬ್ಬರೂ ಒಂದೊಂದು ಗಡಿಯಾರ. ಅವರಲ್ಲಿ ಒಬ್ಬರು ಒಂದು ದಿನ ಹೊತ್ತು ತಪ್ಪಿದರೆ, ಅಗೋ, ಅಲ್ಲಿಂದ ನಿಮ್ಮ ಕತೆ ಹೊರಡುತ್ತದೆ.

ಪಾತ್ರ ಕಟ್ಟುವುದಕ್ಕೂ ಇದೇ ಉಪಾಯ. ಮೂಗು ಉದ್ದ, ಕಣ್ಣು ಕೆಂಪು ಎಂದು ಮುಖ ವರ್ಣಿಸಿದರೆ ಓದುಗರು ಮರೆತುಬಿಡುತ್ತಾರೆ. ಅಭ್ಯಾಸ ಹೇಳಿ, ಮರೆಯುವುದಿಲ್ಲ. ನೂರು ರೂಪಾಯಿಯ ನೋಟನ್ನು ಮಡಿಸಿ ಮಡಿಸಿ ತಾಯತದಷ್ಟು ಮಾಡುವವರು, ಬೀಗ ಹಾಕಿ ಮೂರು ಸಲ ಎಳೆದು ನೋಡುವವರು, ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಡುವವರು, ಇಂಥವರು ನಿಮ್ಮ ಕಟ್ಟಡದಲ್ಲೇ ಇದ್ದಾರೆ. ಆದರೆ ಒಬ್ಬರನ್ನೇ ಇದ್ದಕ್ಕಿದ್ದ ಹಾಗೆ ಎತ್ತಿ ಕತೆಯೊಳಗೆ ಹಾಕಬೇಡಿ. ನೆರೆಕರೆಯ ಸಂಬಂಧವೂ ಕೆಡುತ್ತದೆ, ಕತೆಯೂ ಕೆಡುತ್ತದೆ. ಒಬ್ಬರ ಚಪ್ಪಲಿ, ಇನ್ನೊಬ್ಬರ ಬೀಗ, ಮತ್ತೊಬ್ಬರ ಮೌನ ಸೇರಿಸಿ ಹೊಸಬರೊಬ್ಬರನ್ನು ಮಾಡಬೇಕು.

ಒಂದು ಉದಾಹರಣೆಯನ್ನು ಜೊತೆಯಾಗಿ ಕಟ್ಟೋಣ. ಐವತ್ತೈದರ ಒಬ್ಬ ಗುಮಾಸ್ತರು. ದಿನಾ ಎಂಟು ಗಂಟೆಗೆ ಡಬ್ಬಿ ಹಿಡಿದು ಹೊರಡುತ್ತಾರೆ, ಸಂಜೆ ಏಳಕ್ಕೆ ಬರುತ್ತಾರೆ. ಆಫೀಸಿನಲ್ಲಿ ಹಣ ಕಳುವಾಗಿದೆ ಎಂದು ಒಂದು ದಿನ ಪೊಲೀಸರು ಮನೆಗೆ ಬರುತ್ತಾರೆ. ಮನೆಯವರ ಪ್ರಕಾರ ಯಜಮಾನರು ಅಂದು ಆಫೀಸಿನಲ್ಲೇ ಇದ್ದರು. ಅಂದಮೇಲೆ ಸಂಶಯ ಅವರ ಮೇಲೇ. ಮರುದಿನ ಹೆಂಡತಿ ಅವರ ಜೊತೆಗೆ ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರ್ಮಿನ ಬೀದಿನಾಯಿಯೊಂದು ಓಡಿಬಂದು ಅವರ ಕಾಲಬಳಿ ಹೊರಳಾಡುತ್ತದೆ, ಜೇಬಿಗೆ ಮೂಗು ತೂರಿಸುತ್ತದೆ. ಗಾಡಿ ಹಿಡಿಯಲು ಎರಡು ನಿಮಿಷ ನಿಲ್ಲುವವರಿಗೆ ನಾಯಿ ಇಷ್ಟು ಹೊಂದಿಕೊಳ್ಳುತ್ತದೆಯೇ? ಪಾಪ, ಅವರ ಕೆಲಸ ಹೋಗಿ ಏಳು ತಿಂಗಳಾಗಿದೆ. ಮನೆಯಲ್ಲಿ ಹೇಳಲು ಬಾಯಿ ಬಾರದೆ ದಿನವಿಡೀ ಅದೇ ಬೆಂಚಿನಲ್ಲಿ ಕುಳಿತು ನಾಯಿಗೆ ಬಿಸ್ಕತ್ತು ಹಾಕುತ್ತಿದ್ದಾರೆ. ಕಳ್ಳತನದ ದಿನವೂ ಅಲ್ಲಿಯೇ ಇದ್ದರು. ಅವರ ಗುಟ್ಟನ್ನು ರಟ್ಟು ಮಾಡಿದ ನಾಯಿಯೇ ಅವರನ್ನು ಉಳಿಸಿತು.

ನೋಡಿದಿರಾ, ಇಲ್ಲಿ ದೊಡ್ಡ ಪತ್ತೇದಾರನಿಲ್ಲ. ಇರುವುದು ಒಂದು ಡಬ್ಬಿ, ಒಂದು ಬೆಂಚು, ಒಂದು ನಾಯಿ. ಇಂಥ ಕತೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟು ಕೊಡಿ. ಎಲ್ಲ ಗುಟ್ಟೂ ಅಪರಾಧವಲ್ಲ. ಸಕ್ಕರೆ ಕಾಯಿಲೆ ಮುಚ್ಚಿಟ್ಟವರು, ತವರಿಗೆ ಹಣ ಕಳಿಸುವವರು, ಮಗ ನಾಪಾಸಾದದ್ದನ್ನು ಹೇಳದವರು, ಹೀಗೆ ಎಲ್ಲರೂ ಏನೋ ಒಂದನ್ನು ಮುಚ್ಚಿಡುತ್ತಾರೆ. ಆದ್ದರಿಂದಲೇ ಎಲ್ಲರ ಮೇಲೂ ಸಂಶಯ ಬರುತ್ತದೆ.

ಮಾತಿಲ್ಲದ ಸಾಕ್ಷಿಗಳು

ಸಾಕುಪ್ರಾಣಿಗಳನ್ನು ಕತೆಯಲ್ಲಿ ತರುವವರು ಸಾಮಾನ್ಯವಾಗಿ ಅವುಗಳಿಗೆ ಮನುಷ್ಯಬುದ್ಧಿ ಕೊಟ್ಟುಬಿಡುತ್ತಾರೆ. ನಾಯಿ ಕಳ್ಳನ ಹೆಸರು ಬರೆಯುವುದೊಂದು ಬಾಕಿ! ಅದು ಬೇಡ. ಪ್ರಾಣಿ ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದರೆ ಸಾಕು, ಅದೇ ಸುಳಿವಾಗುತ್ತದೆ. 1892ರಲ್ಲಿ ಕೊನನ್ ಡಾಯ್ಲ್ ಬರೆದ ‘ಸಿಲ್ವರ್ ಬ್ಲೇಜ್’ ಎಂಬ ಕತೆಯಲ್ಲಿ ರಾತ್ರಿ ಲಾಯದಿಂದ ಕುದುರೆ ಮಾಯವಾಗುತ್ತದೆ, ಕಾವಲಿನ ನಾಯಿ ಮಾತ್ರ ಬೊಗಳುವುದಿಲ್ಲ. ಎಂದಮೇಲೆ ಬಂದವನು ಅದಕ್ಕೆ ಪರಿಚಿತ. ನಾಯಿ ಏನೂ ಮಾಡದಿದ್ದದ್ದೇ ಅಲ್ಲಿ ಸಾಕ್ಷ್ಯ.

ಕ್ರಿಸ್ಟಿಗೆ ಪೀಟರ್ ಎಂಬ ಒರಟು ಕೂದಲಿನ ಟೆರಿಯರ್ ನಾಯಿಯಿತ್ತು. 1937ರ ‘ಡಂಬ್ ವಿಟ್‌ನೆಸ್’ ಕಾದಂಬರಿಯನ್ನು ಆಕೆ ಅರ್ಪಿಸಿದ್ದು ಆ ಪೀಟರನಿಗೇ. ಅದರಲ್ಲಿ ಬಾಬ್ ಎಂಬ ನಾಯಿ ಚೆಂಡನ್ನು ಮೆಟ್ಟಿಲ ಮೇಲೆ ಬಿಡುವ ಅಭ್ಯಾಸದ್ದು. ಮನೆಯ ಮುದುಕಿ ರಾತ್ರಿ ಮೆಟ್ಟಿಲಿನಿಂದ ಉರುಳಿದಾಗ ಎಲ್ಲರೂ ಚೆಂಡನ್ನೂ ನಾಯಿಯನ್ನೂ ದೂರುತ್ತಾರೆ. ಆದರೆ ಆ ರಾತ್ರಿ ಬಾಬ್ ಮನೆಯೊಳಗೆ ಇರಲೇ ಇಲ್ಲ! ತಪ್ಪನ್ನು ಮಾತು ಬಾರದವರ ತಲೆಗೆ ಕಟ್ಟುವುದು ಎಷ್ಟು ಸುಲಭ ನೋಡಿ. ಅಮೆರಿಕದ ಲಿಲಿಯನ್ ಜಾಕ್ಸನ್ ಬ್ರಾನ್ 1966ರಿಂದ ಸಯಾಮಿ ಬೆಕ್ಕುಗಳನ್ನಿಟ್ಟುಕೊಂಡು ಒಂದು ಕಾದಂಬರಿ ಮಾಲೆಯನ್ನೇ ಬರೆದರು. ಅವರೂ ಅಂಥ ಬೆಕ್ಕನ್ನು ಸಾಕಿ ಬಲ್ಲವರೇ.

ನಮ್ಮ ಊರಲ್ಲೇನು ಕಡಿಮೆ? 1993ರ ಬಾಂಬ್ ಸ್ಫೋಟದ ದಿನಗಳನ್ನು ಕಂಡ ಮುಂಬಯಿಗರಿಗೆ ‘ಝಂಜೀರ್’ ಎಂಬ ಪೊಲೀಸ್ ಲ್ಯಾಬ್ರಡಾರ್ ನಾಯಿಯ ಹೆಸರು ನೆನಪಿರಬಹುದು. 3,329 ಕಿಲೋ ಆರ್‌ಡಿಎಕ್ಸ್ ಸ್ಫೋಟಕವನ್ನು ಅದು ಮೂಸಿ ಪತ್ತೆಹಚ್ಚಿತೆಂದು ದಾಖಲೆ ಹೇಳುತ್ತದೆ. 2000ದ ನವೆಂಬರಿನಲ್ಲಿ ಅದು ಸತ್ತಾಗ ಪೊಲೀಸರು ಗೌರವದಿಂದ ಬೀಳ್ಕೊಟ್ಟರು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಸುಮಾರು 50-60 ಲಕ್ಷವಾದರೆ ನಾಯಿಗೆ ಇಪ್ಪತ್ತು ಕೋಟಿಗೂ ಮಿಕ್ಕಿ ಇರುತ್ತವೆ. ಹೊಸ ಸೀರೆ ಉಟ್ಟರೂ, ಅತ್ತರು ಪೂಸಿದರೂ ಬಂದವರು ಯಾರೆಂದು ನಮ್ಮ ಗೇಟಿನ ನಾಯಿಗೆ ಗೊತ್ತಾಗುವುದು ಹೀಗೆ.

ಭಾಂಡುಪಿಗೇ ಸಲ್ಲುವ ಇನ್ನೊಂದು ರಹಸ್ಯ ಉಂಟು. ಗುಡ್ಡದ ಮೇಲಿನ ಚಾಳುಗಳಲ್ಲಿ ಕೆಲವೊಮ್ಮೆ ಬೀದಿನಾಯಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಯಾರೋ ವಿಷ ಹಾಕಿದರು ಎಂದು ಜಗಳವೇಳುತ್ತದೆ. ನಿಜವಾದ ‘ಆರೋಪಿ’ ಅನೇಕ ಸಲ ಚಿರತೆ! ನಮ್ಮ ಬೆನ್ನಿಗಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನ ಕಾಡು. ಅಲ್ಲಿನ ಚಿರತೆಗಳ ಆಹಾರದಲ್ಲಿ ಬೀದಿನಾಯಿಗೆ ದೊಡ್ಡ ಪಾಲು ಎಂದು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಕಸ ಬಿದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. 2004ರಲ್ಲಿ ಉದ್ಯಾನದ ಅಂಚಿನಲ್ಲಿ ಮನುಷ್ಯರ ಮೇಲೂ ದಾಳಿಗಳಾಗಿ ಜನ ನಡುಗಿದ್ದರು. ಇಂಥ ಸಂಗತಿಯನ್ನು ಕತೆಗೆ ತಂದರೆ ನೆರೆಯವರ ಮೇಲಿನ ಸಂಶಯ, ಪುರಸಭೆಯ ಕಸದ ತೊಟ್ಟಿ, ಕಾಡು ಎಲ್ಲವೂ ಒಂದೇ ಎಳೆಯಲ್ಲಿ ಬಂದುಬಿಡುತ್ತವೆ.

ಗಿಳಿಯನ್ನು ಸಾಕ್ಷಿಯಾಗಿ ತರಲು ಆಸೆಯೇ? ಜೋಕೆ. ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹಾಗಾದರೆ ಪೊಲೀಸರು ಬಂದೊಡನೆ ಗಿಳಿಯ ಯಜಮಾನ ಬೆವರುವುದೇಕೆ? ಕೊಲೆಗೋ, ಗಿಳಿಗೋ? ಇದನ್ನೂ ಕತೆಗೆ ಬಳಸಬಹುದು.

ಬೆಂಡೋಲೆಯ ಪ್ರಸಂಗ

ಈಗ ಆ ಎಚ್ಚರದ ಮಾತು. ಹಲವು ವರ್ಷಗಳ ಹಿಂದೆ, ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನಾವಿದ್ದ ಚಾಳಿನ ಒಂದು ಮನೆಯಲ್ಲಿ ಚಿನ್ನದ ಬೆಂಡೋಲೆ ಕಳೆದುಹೋಯಿತು. ಮನೆಯಾಕೆ ದೇವಸ್ಥಾನದಿಂದ ಬಂದವರು ಕಿವಿ ನೋಯುತ್ತದೆಂದು ಓಲೆ ಬಿಚ್ಚಿ, ಪ್ರಸಾದದ ಕೊಬ್ಬರಿ ಕಟ್ಟಿದ್ದ ಕರವಸ್ತ್ರದಲ್ಲೇ ಗಂಟು ಹಾಕಿ ಕಪಾಟಿನ ಮೇಲಿಟ್ಟಿದ್ದರು. ಮರುದಿನ ಗಂಟೇ ಇಲ್ಲ. ಮನೆಗೆ ಬಂದು ಹೋದವಳು ಪಾತ್ರೆ ತೊಳೆಯುವಾಕೆ ಒಬ್ಬಳೇ. ಹನ್ನೊಂದು ವರ್ಷದಿಂದ ಬರುತ್ತಿದ್ದವಳು. ಅವಳು ‘ಮನೆ ಇನ್ನೊಮ್ಮೆ ಸರಿಯಾಗಿ ಹುಡುಕಿ’ ಎಂದಳಂತೆ. ಹುಡುಕಲಿಲ್ಲ. ಅವಳನ್ನು ಬಿಡಿಸಿದರು. ಸುದ್ದಿ ನಲ್ಲಿಯ ಬಳಿ ಹರಡಿ ಇನ್ನೂ ನಾಲ್ಕು ಮನೆಯ ಕೆಲಸ ಹೋಯಿತು.

ಆ ಚಾಳಿನಲ್ಲಿ ಮನಿ ಎಂಬ ಬೆಕ್ಕಿತ್ತು. ಬೆಂಡೋಲೆ ಹೋದ ವಾರದಿಂದ ಅದು ಆ ಮನೆಯ ಅಟ್ಟದ ಕೆಳಗೆ ಕುಳಿತು, ಕತ್ತು ಎತ್ತಿ, ಒಂದೇ ಮೂಲೆಯನ್ನು ದಿಟ್ಟಿಸುತ್ತಿತ್ತು. ಮೀನಿನ ಆಸೆಗೆ ಬಂದಿದೆಯೆಂದು ಮನೆಯವರು ಅಟ್ಟುತ್ತಿದ್ದರು. ಅದು ಮತ್ತೆ ಬಂದು ಅಲ್ಲೇ ಕೂರುತ್ತಿತ್ತು. ದೀಪಾವಳಿಗೆ ಸುಣ್ಣ ಹಚ್ಚಲು ಅಟ್ಟ ಇಳಿಸಿದಾಗ ಹಳೆಯ ಟ್ರಂಕಿನ ಹಿಂದೆ ಇಲಿಯ ಗೂಡು ಸಿಕ್ಕಿತು. ಚಿಂದಿ, ಕಾಗದ, ಅವುಗಳ ನಡುವೆ ಕಡಿದ ಕರವಸ್ತ್ರ, ಅದರೊಳಗೆ ಎರಡೂ ಬೆಂಡೋಲೆ. ಕೊಬ್ಬರಿಯ ವಾಸನೆಗೆ ಇಲಿ ಗಂಟನ್ನೇ ಎಳೆದೊಯ್ದಿತ್ತು.

ಮನೆಯಾಕೆ ಹೊಸ ಸೀರೆ ಹಿಡಿದು ಗುಡ್ಡದ ಚಾಳಿಗೆ ಹೋದರು. ಅವಳು ಬಾಗಿಲಿಗೆ ಬಂದಳು, ಸಿಕ್ಕಿತಲ್ಲ, ಒಳ್ಳೆಯದಾಯಿತು ಎಂದಳು. ಸೀರೆ ತೆಗೆದುಕೊಳ್ಳಲಿಲ್ಲ, ಕೆಲಸಕ್ಕೂ ಮರಳಿ ಬರಲಿಲ್ಲ.

ಮುಂಬಯಿಯಲ್ಲಿ ನಾವು ಮನೆಗೆಲಸದಾಕೆಯನ್ನು ‘ಬಾಯಿ’ ಎನ್ನುತ್ತೇವೆ. ನಮ್ಮ ಕನ್ನಡದ ‘ಬಾಯಿ’ ಮಾತ್ರ ಅವಳಿಗಿಲ್ಲ. ಅವಳು ಹೇಳಿದ್ದನ್ನೂ ಯಾರೂ ಕೇಳಲಿಲ್ಲ, ಬೆಕ್ಕು ತೋರಿಸಿದ್ದನ್ನೂ ಯಾರೂ ನೋಡಲಿಲ್ಲ.

ಕಳ್ಳನನ್ನಾಗಿ ಯಾರನ್ನು ಮಾಡೋಣ?

ನಾವು ಬರೆಯುವ ಕತೆಗಳಲ್ಲಿ ಅಪರಾಧಿ ಯಾರಾಗಿರುತ್ತಾರೆ ಎಂದು ಒಮ್ಮೆ ಯೋಚಿಸಿ. ಕೆಲಸದವಳು, ವಾಚ್‌ಮನ್, ಡ್ರೈವರ್, ಬೇರೆ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದ ಹುಡುಗ. ಇವರನ್ನು ಆರಿಸಿದರೆ ಬರೆಯುವವರಿಗೆ ಕಷ್ಟವಿಲ್ಲ, ಓದುವವರಿಗೆ ಆಶ್ಚರ್ಯವೂ ಇಲ್ಲ. ನಾವೂ ಒಂದು ಕಾಲಕ್ಕೆ ಟ್ರಂಕು ಹೊತ್ತು ಈ ಊರಿಗೆ ಬಂದವರೇ. ನಮ್ಮವರ ಎಷ್ಟೋ ಹುಡುಗರು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಗಲ್ಲಾದಲ್ಲಿ ಹತ್ತು ರೂಪಾಯಿ ಕಡಿಮೆಯಾದಾಗ ಮೊದಲು ಜೇಬು ತಡವಿಸಿಕೊಂಡವರೂ ಅಂಥ ಹುಡುಗರೇ ಅಲ್ಲವೇ?

ಕತೆ ಓದಿದವರ ಮನಸ್ಸಿನಲ್ಲಿ ಒಂದು ರೂಢಿ ಬೇರೂರುತ್ತದೆ. ಹತ್ತು ಕತೆಗಳಲ್ಲಿ ಕೆಲಸದವಳೇ ಕದ್ದರೆ, ಹನ್ನೊಂದನೆಯ ಸಲ ನಿಜವಾಗಿ ಓಲೆ ಕಳೆದಾಗ ನಮ್ಮ ಕಣ್ಣು ತಾನಾಗಿ ಅವಳ ಕಡೆಗೆ ತಿರುಗುತ್ತದೆ. ಹಾಗೆಂದು ಬಡವರು ತಪ್ಪನ್ನೇ ಮಾಡುವುದಿಲ್ಲ ಎಂದು ಬರೆಯಬೇಕಿಲ್ಲ. ಅದೂ ಸುಳ್ಳೇ. ಅವರನ್ನು ಅಪರಾಧಿ ಮಾಡುವಿರಾದರೆ, ಉಳಿದ ಪಾತ್ರಗಳಿಗೆ ಕೊಟ್ಟಷ್ಟೇ ಮನೆ-ಮಠ, ಅಭ್ಯಾಸ, ಕಾರಣ ಅವರಿಗೂ ಕೊಡಿ. ಮಂದಣ್ಣನನ್ನು ಊರು ಹೇಗೆ ನೋಡಿತು, ಕರ್ವಾಲೊ ಹೇಗೆ ನೋಡಿದರು ಎಂಬುದನ್ನು ನೆನಪಿಡಿ. ಒಳ್ಳೆಯ ಪತ್ತೇದಾರರಲ್ಲಿ ಇರಬೇಕಾದದ್ದು ಸಂಶಯಕ್ಕಿಂತ ಹೆಚ್ಚಾಗಿ ಗಮನ. ಸಂಶಯಕ್ಕೆ ಯಾರಾದರೊಬ್ಬರು ಬೇಗ ಸಿಕ್ಕಿದರೆ ಸಾಕು. ಗಮನ ಇನ್ನೊಮ್ಮೆ ಅಟ್ಟ ಹತ್ತಿ ನೋಡುತ್ತದೆ.

ಬರೆಯಲು ಕುಳಿತಾಗ

ಮಧ್ಯಾಹ್ನ ಊಟವಾಗಿ ಪಾತ್ರೆ ಎತ್ತಿಟ್ಟ ಮೇಲೆ ನಮ್ಮಂಥ ಗೃಹಿಣಿಯರಿಗೆ ಒಂದು ಗಂಟೆ ಬಿಡುವು ಸಿಗುತ್ತದೆ. ಹಳೆಯ ಡೈರಿಯೊಂದನ್ನು ತೆಗೆದುಕೊಳ್ಳಿ. ಒಂದು ವಾರ ಕತೆ ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಹಾಲಿನವನು ಯಾರ ಬಾಗಿಲಿಗೆ ಬೆಲ್ ಒತ್ತುತ್ತಾನೆ, ಯಾರ ಬಾಗಿಲು ತಟ್ಟುತ್ತಾನೆ? ಕಾಗೆ ಗೂಡಿಗೆ ತಂತಿಯನ್ನು ಯಾರ ಬಾಲ್ಕನಿಯಿಂದ ಎಳೆಯಿತು? ಗೇಟಿನ ನಾಯಿ ಯಾರನ್ನು ಕಂಡರೆ ಏಳುತ್ತದೆ, ಯಾರನ್ನು ಕಂಡರೆ ಕಣ್ಣನ್ನೂ ತೆರೆಯುವುದಿಲ್ಲ?

ಎರಡನೆಯ ವಾರ ಒಂದು ಪ್ರಶ್ನೆ ಆರಿಸಿ. ಕೊಲೆಯೇ ಆಗಬೇಕೆಂದಿಲ್ಲ. ಸೊಸಾಯಿಟಿಯ ನೋಟಿಸ್ ಬೋರ್ಡಿನ ಬೀಗದ ಕೈ ಕಳೆದದ್ದು, ಯಾರೂ ಇಲ್ಲದ ಮನೆಯ ಮುಂದೆ ದಿನಾ ರಂಗೋಲಿ ಕಾಣುವುದು, ಇಷ್ಟು ಸಾಕು. ಆಮೇಲೆ ಮೂವರು ಪಾತ್ರಗಳು, ಮೂವರಿಗೆ ಮೂರು ಗುಟ್ಟು, ಒಂದು ಪ್ರಾಣಿ. ಉತ್ತರವನ್ನು ಮೊದಲೇ ನಿಶ್ಚಯಿಸಿ, ಅದರ ಸುಳಿವನ್ನು ಕತೆಯ ಆರಂಭದಲ್ಲಿ ಯಾರಿಗೂ ಗೊತ್ತಾಗದ ಹಾಗೆ ಎರಡು ಸಾಲಿನಲ್ಲಿ ಇಟ್ಟುಬಿಡಿ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಬಚ್ಚಿಡುವ ನಮಗೆ ಈ ವಿದ್ಯೆ ಹೊಸತಲ್ಲ.

ಬರೆದಾದ ಮೇಲೆ ಸಂಪಾದಕರಿಗೆ ಕಳಿಸಿಕೊಡಿ. ಕಳಿಸುವ ಮೊದಲು ಮನೆಗೆಲಸಕ್ಕೆ ಬರುವಾಕೆಗೆ ಒಂದು ಲೋಟ ಚಹಾ ಕೊಟ್ಟು, ಕತೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಒಮ್ಮೆ ಹೇಳಿ ನೋಡಿ. ದಿನಕ್ಕೆ ಐದಾರು ಮನೆಗಳ ಒಳಹೊರಗನ್ನು ಕಾಣುವವಳು ಅವಳು. ಎಲ್ಲಿ ಸುಳ್ಳು ಬರೆದಿದ್ದೀರಿ ಎಂಬುದು ಅವಳಿಗೇ ಮೊದಲು ಗೊತ್ತಾಗುತ್ತದೆ.